ಖಾಸಗಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆ: ಕಾಸರಗೋಡಿನ ಮನೆಯವರು ಮೊದಲೇ ಕೇಳಿಕೊಳ್ಳಬೇಕಾದ್ದೇನು?

ಮಗಳನ್ನು ಹೆರಿಗೆಗೆ ತವರಿಗೆ ಕರೆದುಕೊಂಡು ಬರುವ ಹೊತ್ತಿಗೆ ಕಾಸರಗೋಡು, ಮಂಜೇಶ್ವರ ತಾಲೂಕಿನ ಮನೆಗಳಲ್ಲಿ ಒಂದೇ ಚರ್ಚೆ. ಮಂಗಳೂರಿಗೆ ಹೋಗುವುದೋ, ಕಾಸರಗೋಡಿನಲ್ಲೇ ತೋರಿಸುವುದೋ? ಪೆರ್ಲದವರಾದರೆ ಪುತ್ತೂರು, ಅಡೂರು, ದೇಲಂಪಾಡಿ ಕಡೆಯವರಾದರೆ ಸುಳ್ಯವೂ ಲೆಕ್ಕಕ್ಕೆ ಬರುತ್ತದೆ. ಯಾವ ಡಾಕ್ಟರು ಒಳ್ಳೆಯವರು, ಎಲ್ಲಿ ರೂಮು ಚೆನ್ನಾಗಿದೆ, ಎಲ್ಲಿ ನಮ್ಮ ಪರಿಚಯದ ನರ್ಸ್ ಇದ್ದಾರೆ ಎಂದೆಲ್ಲ ವಿಚಾರಿಸುತ್ತೇವೆ. ಸಹಜ ಹೆರಿಗೆಯ ಆಸೆ ಇರುವವರು ನಿಜವಾಗಿ ಕೇಳಬೇಕಾದ ಪ್ರಶ್ನೆ ಮಾತ್ರ ಹಿಂದೆ ಉಳಿಯುತ್ತದೆ. ನೋವು ಶುರುವಾದ ಮೇಲೆ ಈ ಆಸ್ಪತ್ರೆಯಲ್ಲಿ ಏನೇನು ಮಾಡುತ್ತಾರೆ?

ಸಹಜ ಹೆರಿಗೆ ತಾಯಿಯ ಆರೋಗ್ಯ ಮತ್ತು ಮಗುವಿನ ಸ್ಥಿತಿಯನ್ನು ಅವಲಂಬಿಸಿದೆ, ನಿಜ. ಆದರೆ ಆಸ್ಪತ್ರೆಯ ರೂಢಿಗೂ ಅದರಲ್ಲಿ ದೊಡ್ಡ ಪಾಲಿದೆ. ಅದೇ ಹೆಂಗಸು, ಅದೇ ಮಗು, ಆಸ್ಪತ್ರೆ ಬೇರೆಯಾದರೆ ಹೆರಿಗೆಯೂ ಬೇರೆ ಆಗಬಹುದು. ಹಾಗಾಗಿ ಆಸ್ಪತ್ರೆ ಆರಿಸುವುದೇ ಯೋಜನೆಯ ಅರ್ಧ ಕೆಲಸ. ಅದು 30ನೇ ವಾರದ ಆಸುಪಾಸಿನಲ್ಲಿ ಮುಗಿದಿರಬೇಕು. ನೋವು ಬಂದು ಕಾರು ಹತ್ತಿದ ಮೇಲೆ ಮನೆಯವರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ತಲಪಾಡಿ ಗಡಿಯ ಆಚೆ, ಈಚೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ನಡೆದದ್ದು 2019ರಿಂದ 2021ರವರೆಗೆ. ಅದರ ಪ್ರಕಾರ ದೇಶದಲ್ಲಿ ಆಗುವ ಹೆರಿಗೆಗಳಲ್ಲಿ ಶೇ. 21.5 ಸಿಸೇರಿಯನ್. ಕೇರಳದಲ್ಲಿ ಇದು ಶೇ. 38.9, ಕರ್ನಾಟಕದಲ್ಲಿ ಶೇ. 31.5. ಇಷ್ಟನ್ನೇ ನೋಡಿದರೆ ಮಂಗಳೂರಿಗೆ ಹೋದರೆ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಆದರೆ ಸರಕಾರಿ ಮತ್ತು ಖಾಸಗಿ ಎಂದು ಬಿಡಿಸಿ ನೋಡಿದರೆ ಚಿತ್ರವೇ ಬೇರೆ. ಕರ್ನಾಟಕದ ಸರಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಪ್ರಮಾಣ ಶೇ. 22.6, ಖಾಸಗಿಯಲ್ಲಿ ಶೇ. 52.5. ಅಂದರೆ ದುಪ್ಪಟ್ಟಿಗಿಂತ ಜಾಸ್ತಿ. ಕೇರಳದಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಶೇ. 37.2, ಖಾಸಗಿಯಲ್ಲಿ ಶೇ. 39.9. ಎರಡರ ನಡುವೆ ಹೇಳಿಕೊಳ್ಳುವಂಥ ಅಂತರವೇ ಇಲ್ಲ.

ಕಾಸರಗೋಡಿನವರು ಗಡಿ ದಾಟಿ ಹೋಗುವುದು ಹೆಚ್ಚಾಗಿ ಖಾಸಗಿ ಆಸ್ಪತ್ರೆಗೆ. ಹಾಗಾಗಿ ಅವರು ಶೇ. 39.9ರ ಕಡೆಯಿಂದ ಶೇ. 52.5ರ ಕಡೆಗೆ ಹೋದ ಹಾಗಾಯಿತು. ಇದು ರಾಜ್ಯದ ಸರಾಸರಿ ಮಾತ್ರ. ಒಂದೊಂದು ಆಸ್ಪತ್ರೆಯ ಕಥೆ ಒಂದೊಂದು. ಮಂಗಳೂರು, ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳಿಗೆ ಸುತ್ತಲಿನ ಜಿಲ್ಲೆಗಳಿಂದ ಕಷ್ಟದ ಕೇಸುಗಳೇ ಹೆಚ್ಚು ಬರುತ್ತವೆ, ಅಲ್ಲಿ ಆಪರೇಷನ್ ಜಾಸ್ತಿ ಇರುವುದು ಸಹಜ. ಆದರೂ ‘ಮಂಗಳೂರಿಗೆ ಹೋದರೆ ಎಲ್ಲ ಸರಿಯಾಗುತ್ತದೆ’ ಎಂಬ ನಮ್ಮ ಕಡೆಯ ನಂಬಿಕೆಯನ್ನು ಈ ಅಂಕಿಗಳ ಎದುರು ಇಟ್ಟು ನೋಡಲೇಬೇಕು. ತುರ್ತು ಬಂದಾಗ ಮಂಗಳೂರಿನ ದೊಡ್ಡ ಆಸ್ಪತ್ರೆ ಜೀವ ಉಳಿಸುತ್ತದೆ. ಆರೋಗ್ಯವಾಗಿರುವ ಗರ್ಭಿಣಿಗೆ ಸಹಜ ಹೆರಿಗೆ ಆಗಲು ಬೇಕಾಗಿರುವುದು ತಾಳ್ಮೆ. ಈ ಎರಡು ಗುಣ ಒಂದೇ ಕಟ್ಟಡದಲ್ಲಿ ಸಿಗಬಹುದು, ಸಿಗದೆಯೂ ಇರಬಹುದು.

ಇನ್ನೊಂದು ಮಾತು. ‘ದುಡ್ಡಿಗೋಸ್ಕರ ಕೊಯ್ಯುತ್ತಾರೆ’ ಎಂದು ಸುಮ್ನೆ ಹೇಳಿಬಿಡುವವರು ಕೇರಳದ ಸರಕಾರಿ ಅಂಕಿಯನ್ನು ನೋಡಬೇಕು. ಅಲ್ಲಿ ಡಾಕ್ಟರಿಗೆ ಆಪರೇಷನ್ನಿಗೆ ಇಷ್ಟು ಅಂತ ಪ್ಯಾಕೇಜ್ ಇಲ್ಲ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರಕಾರಿ ಆಸ್ಪತ್ರೆಯ ಸಿಸೇರಿಯನ್ ಕೂಡ ಉಚಿತ. ಹಾಗಿದ್ದರೂ ಶೇ. 37.2. ದುಡ್ಡು ಒಂದು ಕಾರಣ ಇರಬಹುದು, ಆದರೆ ಅದೊಂದೇ ಆಗಿದ್ದರೆ ಈ ಅಂಕಿ ಹೀಗಿರುತ್ತಿರಲಿಲ್ಲ.

ಹಾಗಂತ ಸಿಸೇರಿಯನ್ ಎಂದರೆ ಕೆಟ್ಟದ್ದು ಎಂದು ಹೇಳಲು ನಾನು ಸಿದ್ಧಳಿಲ್ಲ. 2018–20ರ ಲೆಕ್ಕದಲ್ಲಿ ದೇಶದಲ್ಲಿ ಲಕ್ಷ ಹೆರಿಗೆಗೆ 97 ತಾಯಂದಿರು ಸತ್ತರೆ ಕರ್ನಾಟಕದಲ್ಲಿ 69, ಕೇರಳದಲ್ಲಿ 19. ಈ ಸಾಧನೆಯ ಹಿಂದೆ ಸಮಯಕ್ಕೆ ಸರಿಯಾಗಿ ಆದ ಆಪರೇಷನ್‌ಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಇಷ್ಟೇ: ಒಂದು ಜನಸಮೂಹದಲ್ಲಿ ಸಿಸೇರಿಯನ್ ಶೇ. 10ರವರೆಗೆ ಏರುವಾಗ ತಾಯಿ ಮಗುವಿನ ಸಾವು ಇಳಿಯುತ್ತದೆ, ಅದರ ಮೇಲೆ ಎಷ್ಟೇ ಏರಿದರೂ ಸಾವು ಮತ್ತೆ ಇಳಿದದ್ದು ಕಾಣುವುದಿಲ್ಲ. ಜೊತೆಗೆ, ಒಂದು ಅಂಕಿಯ ಹಿಂದೆ ಬೀಳಬೇಡಿ, ಬೇಕಾದವರಿಗೆಲ್ಲ ಆಪರೇಷನ್ ಸಿಗುವ ಹಾಗೆ ನೋಡಿಕೊಳ್ಳಿ ಎಂದೂ ಅದು ಹೇಳಿತು. ಆ ಎರಡನೇ ಮಾತನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹಂಚಿಕೊಳ್ಳುವುದು ಸರಿಯಲ್ಲ.

ಆಪರೇಷನ್ ಯಾಕೆ ಬೇಗ ಬರುತ್ತದೆ

ಸಣ್ಣ ಪೇಟೆಯ ಖಾಸಗಿ ಆಸ್ಪತ್ರೆಯೊಂದನ್ನು ಊಹಿಸಿಕೊಳ್ಳಿ. ಹೆರಿಗೆ ಡಾಕ್ಟರು ಒಬ್ಬರು, ಹೆಚ್ಚೆಂದರೆ ಇಬ್ಬರು. ಬೆಳಿಗ್ಗೆ ಒ.ಪಿ., ಮಧ್ಯಾಹ್ನ ಆಪರೇಷನ್, ಸಂಜೆ ಮತ್ತೆ ಒ.ಪಿ. ಅರಿವಳಿಕೆ ಡಾಕ್ಟರು ಕರೆದಾಗ ಬರುವವರು, ಇನ್ನೂ ಮೂರು ಆಸ್ಪತ್ರೆಗೆ ಹೋಗುವವರು. ಮಕ್ಕಳ ಡಾಕ್ಟರೂ ಹಾಗೆಯೇ. ಚೊಚ್ಚಲ ಹೆರಿಗೆಯ ನೋವು ಹನ್ನೆರಡು ಗಂಟೆಯೂ ಹಿಡಿಯಬಹುದು, ಇಪ್ಪತ್ತು ಗಂಟೆಯೂ ಹಿಡಿಯಬಹುದು. ಅಷ್ಟು ಹೊತ್ತು ಪಕ್ಕದಲ್ಲಿ ಇರುವವರು ಯಾರು? ಸಿಸೇರಿಯನ್ ಒಂದು ಗಂಟೆಯೊಳಗೆ ಮುಗಿಯುತ್ತದೆ, ಎಲ್ಲರ ಸಮಯವೂ ಮೊದಲೇ ಗೊತ್ತಿರುತ್ತದೆ. ರಾತ್ರಿ ಎರಡು ಗಂಟೆಗೆ ಮಗುವಿನ ಹೃದಯದ ಬಡಿತ ಇಳಿದರೆ ಅರಿವಳಿಕೆಯವರು ಬರುವುದು ಎಷ್ಟು ಹೊತ್ತಿಗೆ ಎಂಬ ಚಿಂತೆ ಇರುವ ಡಾಕ್ಟರು ಸಂಜೆ ಏಳು ಗಂಟೆಗೇ ‘ಕಾಯುವುದು ಬೇಡ’ ಎಂದು ತೀರ್ಮಾನಿಸುವುದು ಆಶ್ಚರ್ಯವಲ್ಲ. ಅವರು ಕೆಟ್ಟವರಲ್ಲ. ವ್ಯವಸ್ಥೆ ಅವರನ್ನು ಆ ಕಡೆಗೆ ನೂಕುತ್ತದೆ.

ಇದರ ಮೇಲೆ ಕೇಸಿನ ಭಯ. ಆಪರೇಷನ್ ಮಾಡಿದ್ದಕ್ಕೆ ಡಾಕ್ಟರನ್ನು ಪ್ರಶ್ನಿಸುವವರು ಕಡಿಮೆ. ಮಾಡದೆ ಕಾದು ಏನಾದರೂ ಆದರೆ ಊರೇ ಬಂದು ನಿಲ್ಲುತ್ತದೆ. ನಾವೂ ಇದರಲ್ಲಿ ಪಾಲುದಾರರು. ನೋವು ತಿನ್ನುವ ಮಗಳನ್ನು ನೋಡಲಾಗದೆ ‘ಆಪರೇಷನ್ ಮಾಡಿಬಿಡಿ ಡಾಕ್ಟ್ರೇ’ ಎನ್ನುವ ತಾಯಂದಿರನ್ನು ನಾನು ನೋಡಿದ್ದೇನೆ. ಒಳ್ಳೆಯ ನಕ್ಷತ್ರ ಸಿಗಲಿ ಎಂದು ಜೋಯಿಸರಲ್ಲಿ ಕೇಳಿ ದಿನ, ಗಳಿಗೆ ಬರೆದುಕೊಂಡು ಬರುವವರೂ ಇದ್ದಾರೆ. ಇದನ್ನು ಮಾತ್ರ ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. 39 ವಾರ ತುಂಬುವ ಮೊದಲು ಕಾರಣವಿಲ್ಲದೆ ಆಪರೇಷನ್ ಮಾಡಿ ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ ಬರುವ ಸಾಧ್ಯತೆ ಹೆಚ್ಚು. ನಕ್ಷತ್ರಕ್ಕಾಗಿ ಮಗುವನ್ನು ಐ.ಸಿ.ಯು.ಗೆ ಕಳಿಸುವುದು ಯಾವ ಶಾಸ್ತ್ರ?

ತವರಿಗೆ ಬರುವ ವಾರ

ನಮ್ಮ ಜಿಲ್ಲೆಗೆ ವಿಶೇಷವಾದ ಒಂದು ತೊಡಕಿದೆ, ಅದನ್ನು ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಮದುವೆಯಾದ ಹೆಣ್ಣುಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ, ಅಬುಧಾಬಿಯಲ್ಲಿ ಇರುತ್ತಾರೆ. ಮೊದಲ ಆರೇಳು ತಿಂಗಳು ಅಲ್ಲಿಯ ಡಾಕ್ಟರು ನೋಡುತ್ತಾರೆ. ಸೀಮಂತ ಮುಗಿದ ಮೇಲೆ, ಅಥವಾ 36 ವಾರ ಆದರೆ ಹೆಚ್ಚಿನ ವಿಮಾನಗಳಲ್ಲಿ ಹತ್ತಿಸುವುದಿಲ್ಲ ಎಂದು ಅದಕ್ಕಿಂತ ಸ್ವಲ್ಪ ಮೊದಲು, ಊರಿಗೆ ಬರುತ್ತಾರೆ. ಇಲ್ಲಿಯ ಡಾಕ್ಟರಿಗೆ ಆಕೆ ಹೊಸಬಳು. ಅವಳ ಶುಗರ್ ಹೇಗಿತ್ತು, ಬಿ.ಪಿ. ಹೇಗೆ ಏರುತ್ತಾ ಬಂತು, ಮಗು ಯಾವ ವೇಗದಲ್ಲಿ ಬೆಳೆಯಿತು ಎಂಬುದೆಲ್ಲ ಕಾಗದದಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಗೊತ್ತಿಲ್ಲದ ಗರ್ಭಿಣಿ ಕೊನೆಯ ತಿಂಗಳಲ್ಲಿ ಕೈಗೆ ಬಂದಾಗ ಯಾವ ಡಾಕ್ಟರೂ ಧೈರ್ಯ ಮಾಡುವುದು ಕಡಿಮೆ.

ಇದಕ್ಕೆ ಮದ್ದು ಸುಲಭ. ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗ್ ರಿಪೋರ್ಟನ್ನು ಚಿನ್ನದ ಜೊತೆ ಇಡಿ. ಹೆರಿಗೆಯ ದಿನವನ್ನು ಅತ್ಯಂತ ಸರಿಯಾಗಿ ಹೇಳುವುದು ಅದೇ. ಕೊನೆಯ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಬರುವ ದಿನಾಂಕ ಎರಡು ಮೂರು ವಾರ ಹೆಚ್ಚುಕಮ್ಮಿ ಆಗಬಹುದು. ‘ದಿನ ಮೀರಿತು’ ಎಂದು ಹೇಳಿ ನೋವು ಬರಿಸುವ ಇಂಜೆಕ್ಷನ್ ಕೊಡುವ ಮೊದಲು ಯಾವ ದಿನಾಂಕವನ್ನು ಹಿಡಿದು ಲೆಕ್ಕ ಹಾಕಿದ್ದಾರೆ ಎಂದು ಕೇಳಬೇಕಾಗುತ್ತದೆ. ಸಾಧ್ಯವಾದರೆ ಐದನೇ ತಿಂಗಳ ಸ್ಕ್ಯಾನಿಂಗ್ ಹೊತ್ತಿಗೆ ಒಮ್ಮೆ ಊರಿಗೆ ಬಂದು ಹೆರಿಗೆ ಮಾಡಿಸಲಿರುವ ಡಾಕ್ಟರನ್ನು ಕಂಡು ಹೋಗಲಿ. ಆಗದಿದ್ದರೆ 32 ವಾರದೊಳಗೆ ಬರಲಿ.

ದೂರದ್ದು ಇನ್ನೊಂದು ಸಮಸ್ಯೆ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ಬೆಳ್ಳೂರು, ಎಣ್ಮಕಜೆ, ಕಾರಡ್ಕ ಕಡೆಯ ಒಳಗಿನ ಮನೆಗಳಿಂದ ಮುಖ್ಯ ರಸ್ತೆಗೆ ಬರುವುದಕ್ಕೇ ಮಳೆಗಾಲದಲ್ಲಿ ಹೊತ್ತು ಬೇಕು. ಆಸ್ಪತ್ರೆ ದೂರ ಇದ್ದಷ್ಟೂ ಡಾಕ್ಟರು ಮತ್ತು ಮನೆಯವರು ಇಬ್ಬರೂ ಸೇರಿ ‘ಒಂದು ಡೇಟ್ ಫಿಕ್ಸ್ ಮಾಡುವಾ’ ಎನ್ನುತ್ತಾರೆ. ಹೀಗೆ ದೂರವೇ ಆಪರೇಷನ್ನಿಗೆ ಒಂದು ಕಾರಣವಾಗುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಗಡಿ ಮುಚ್ಚಿ, ತಲಪಾಡಿಯಲ್ಲಿ ಆಂಬುಲೆನ್ಸ್‌ಗಳನ್ನೂ ತಡೆದು, ವಿಷಯ ಕೇರಳ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ವರೆಗೆ ಹೋದದ್ದು ನಮಗೆಲ್ಲ ನೆನಪಿದೆ. ಅಂಥ ದಿನ ಮತ್ತೆ ಬಾರದಿರಲಿ. ಆದರೆ ಒಂದೇ ಆಸ್ಪತ್ರೆಯನ್ನು, ಅದೂ ಗಡಿಯಾಚೆಯದ್ದನ್ನು ನಂಬಿ ಕೂರಬಾರದು ಎಂಬುದಂತೂ ಆಗ ಎಲ್ಲರಿಗೂ ಗೊತ್ತಾಯಿತು. ಮೊದಲ ಆಯ್ಕೆ ಯಾವುದೇ ಇರಲಿ, ಅರ್ಧ ಗಂಟೆಯಲ್ಲಿ ತಲುಪುವ ಇನ್ನೊಂದು ಆಸ್ಪತ್ರೆ ಯಾವುದು, ಅಲ್ಲಿ ರಾತ್ರಿ ಆಪರೇಷನ್ ಆಗುತ್ತದೆಯೇ ಎಂದು ತಿಳಿದಿರಬೇಕು.

ಮಂಗಳೂರೇ ಬೇಕು ಎನ್ನುವವರಿಗೆ ಒಂದು ದಾರಿ ಇದೆ. ಕೊನೆಯ ಎರಡು ವಾರ ಆಸ್ಪತ್ರೆಯ ಹತ್ತಿರದ ಸಂಬಂಧಿಕರ ಮನೆಯಲ್ಲಿ ಉಳಿಯಲಿ. ತೊಕ್ಕೊಟ್ಟಿನಲ್ಲೋ, ಉಳ್ಳಾಲದಲ್ಲೋ ಅತ್ತೆ, ಚಿಕ್ಕಮ್ಮ ಯಾರಾದರೂ ಇದ್ದೇ ಇರುತ್ತಾರೆ. ಬಾಣಂತನ ಹೇಗೂ ತವರಿನಲ್ಲಿ. ಹೀಗೆ ಮಾಡಿದರೆ ನೋವು ಜೋರಾಗುವವರೆಗೆ ಮನೆಯಲ್ಲೇ ಇರಬಹುದು. ಅದರ ಲಾಭ ಮುಂದೆ ಹೇಳುತ್ತೇನೆ.

ಡಾಕ್ಟರಲ್ಲಿ ಕೇಳುವುದು ಹೇಗೆ

‘ಡಾಕ್ಟ್ರೇ, ನಾರ್ಮಲ್ ಆಗ್ತದಾ?’ ಎಂದು ಕೇಳಿದರೆ ‘ನೋಡುವಾ’ ಎಂಬ ಉತ್ತರ ಬಿಟ್ಟು ಬೇರೇನೂ ಸಿಗುವುದಿಲ್ಲ. ಸಿಗಲು ಸಾಧ್ಯವೂ ಇಲ್ಲ, ಅವರಿಗೂ ಗೊತ್ತಿರುವುದಿಲ್ಲ. ಪ್ರಶ್ನೆ ಬೇರೆ ತರ ಇರಬೇಕು.

ಆಸ್ಪತ್ರೆಗಳನ್ನು ಹೋಲಿಸಲು ವೈದ್ಯರ ಬಳಿ ಒಳ್ಳೆಯ ಅಳತೆ ಇದೆ. 2001ರಲ್ಲಿ ಮೈಕೆಲ್ ರಾಬ್ಸನ್ ಎಂಬ ವೈದ್ಯರು ಹೆರಿಗೆಗೆ ಬರುವ ಎಲ್ಲ ಹೆಂಗಸರನ್ನು ಹತ್ತು ಗುಂಪು ಮಾಡಿದರು. ಚೊಚ್ಚಲವೋ ಅಲ್ಲವೋ, ಮಗು ಒಂದೋ ಎರಡೋ, ತಲೆ ಕೆಳಗಿದೆಯೋ ಇಲ್ಲವೋ, ದಿನ ತುಂಬಿದೆಯೋ, ನೋವು ತಾನಾಗಿ ಬಂತೋ ಬರಿಸಿದ್ದೋ, ಹಿಂದೆ ಸಿಸೇರಿಯನ್ ಆಗಿದೆಯೋ ಎಂಬುದರ ಮೇಲೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಎಲ್ಲ ದೇಶಗಳೂ ಬಳಸಲಿ ಎಂದಿತು. ಇದರ ಒಂದನೇ ಗುಂಪು ನಮಗೆ ಮುಖ್ಯ: ಚೊಚ್ಚಲ, ಒಂದೇ ಮಗು, ತಲೆ ಕೆಳಗೆ, ದಿನ ತುಂಬಿದೆ, ನೋವು ತಾನಾಗಿ ಬಂದಿದೆ. ಇವರು ಸಹಜ ಹೆರಿಗೆಗೆ ತಕ್ಕವರು. ‘ನಿಮ್ಮಲ್ಲಿ ಇಂಥವರಲ್ಲಿ ಹತ್ತರಲ್ಲಿ ಎಷ್ಟು ಜನಕ್ಕೆ ಆಪರೇಷನ್ ಆಗುತ್ತದೆ?’ ಎಂದು ಕೇಳಿ. ಒಟ್ಟು ಸಿಸೇರಿಯನ್ ಎಷ್ಟು ಎಂದು ಕೇಳಿದರೆ ಕಷ್ಟದ ಕೇಸುಗಳನ್ನು ತೋರಿಸಿ ಸಮಜಾಯಿಷಿ ಕೊಡಬಹುದು. ಈ ಪ್ರಶ್ನೆಗೆ ಅದು ನಡೆಯುವುದಿಲ್ಲ. ಅಂಕಿ ಕೈಯಲ್ಲಿ ಇಲ್ಲದಿದ್ದರೂ ಡಾಕ್ಟರು ಕೂತು ಮಾತಾಡಿದರೆ ಅದು ಒಳ್ಳೆಯ ಲಕ್ಷಣ. ‘ಇದೆಲ್ಲ ನಿಮಗೆ ಯಾಕೆ’ ಎಂದರೆ ಅದೂ ಒಂದು ಉತ್ತರವೇ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಾಕಿ ಪ್ರಶ್ನೆಗಳು ಸಣ್ಣವು, ಆದರೆ ಹೆರಿಗೆಯ ದಿನ ಅವುಗಳದ್ದೇ ದೊಡ್ಡ ತೂಕ. ರಾತ್ರಿ ಯಾರು ಇರುತ್ತಾರೆ? ನೀವಿಲ್ಲದ ದಿನ ನೋವು ಬಂದರೆ ಯಾರು ನೋಡುತ್ತಾರೆ, ಅವರ ರೂಢಿಯೂ ನಿಮ್ಮದರ ಹಾಗೆಯೇ? ಲೇಬರ್ ರೂಮಿನೊಳಗೆ ಮನೆಯವರಲ್ಲಿ ಒಬ್ಬರನ್ನು ಬಿಡುತ್ತೀರಾ? ನಡೆದಾಡಲು, ಗಂಜಿ, ಎಳನೀರು ಕುಡಿಯಲು ಬಿಡುತ್ತೀರಾ? ಎಲ್ಲರಿಗೂ ಕೆಳಗೆ ಕೊಯ್ದು ಹೊಲಿಗೆ ಹಾಕುತ್ತೀರಾ, ಬೇಕಾದಾಗ ಮಾತ್ರವೇ? ನೋವು ಬರಿಸಿದ ಮೇಲೆ ಎಷ್ಟು ಹೊತ್ತು ಕಾಯುತ್ತೀರಿ? ಬೆನ್ನಿಗೆ ಕೊಡುವ ನೋವು ಕಡಿಮೆ ಮಾಡುವ ಇಂಜೆಕ್ಷನ್ ಇದೆಯೇ?

ಕೊನೆಯದ್ದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಆ ಇಂಜೆಕ್ಷನ್ ತೆಗೆದುಕೊಂಡರೆ ಸಹಜ ಹೆರಿಗೆ ಕೈತಪ್ಪುತ್ತದೆ ಎಂದು ಹಿರಿಯರು ಹೆದರಿಸುತ್ತಾರೆ. ಅದರಿಂದ ಸಿಸೇರಿಯನ್ ಹೆಚ್ಚಾಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ನೋವು ತಡೆಯಲಾಗದೆ ಆಪರೇಷನ್ ಕೇಳುವ ಹಂತಕ್ಕೆ ಬರುವುದಕ್ಕಿಂತ ಅದು ಎಷ್ಟೋ ಮೇಲು. ಸಹಜ ಹೆರಿಗೆ ಎಂದರೆ ನೋವು ತಿಂದು ತೋರಿಸುವ ಪರೀಕ್ಷೆಯಲ್ಲ.

ಖಾಸಗಿ ಹೆರಿಗೆ ಆಸ್ಪತ್ರೆಗಳಿಗೆ ದೇಶದ ಪ್ರಸೂತಿ ತಜ್ಞರ ಒಕ್ಕೂಟ ಕೊಡುವ ‘ಮಾನ್ಯತಾ’ ಎಂಬ ಪ್ರಮಾಣಪತ್ರ ಇದೆ. ಹೆರಿಗೆಯ ಹೊತ್ತಿನ ಆರೈಕೆಗೆ ಅದರಲ್ಲಿ 16 ಅಳತೆಗೋಲುಗಳಿವೆ. ನೀವು ನೋಡುತ್ತಿರುವ ಆಸ್ಪತ್ರೆಗೆ ಅದು ಇದೆಯೇ ಎಂದು ಕೇಳಬಹುದು. ಅದಿದ್ದ ಮಾತ್ರಕ್ಕೆ ಆಪರೇಷನ್ ಕಡಿಮೆ ಎಂದಲ್ಲ, ಲೇಬರ್ ರೂಮನ್ನು ಹೊರಗಿನವರು ಬಂದು ನೋಡಿದ್ದಾರೆ ಎಂದಾದರೂ ಆಗುತ್ತದೆ.

ಒಪ್ಪಿಕೊಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಫೈಲಿನಲ್ಲಿ ಇಡಲು ಹೇಳಿ. ಒಂದೇ ಹಾಳೆ ಸಾಕು. ಇಂಟರ್ನೆಟ್ಟಿನಿಂದ ತೆಗೆದ ಆರು ಪುಟದ ಪಟ್ಟಿ ಕೊಟ್ಟರೆ ಯಾರೂ ಓದುವುದಿಲ್ಲ.

ಆಗಾಗ ಕೇಳುವ ಕಾರಣಗಳು

ಕೆಲವು ಕಾರಣಗಳಿಗೆ ಎರಡು ಮಾತಿಲ್ಲ. ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿದ್ದರೆ, ಮಗು ಅಡ್ಡ ಮಲಗಿದ್ದರೆ, ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲು ಹೊರಗೆ ಜಾರಿದರೆ, ಮಾಸು ಮೊದಲೇ ಬಿಟ್ಟುಕೊಂಡು ರಕ್ತ ಹೋಗುತ್ತಿದ್ದರೆ ಯಾರೂ ವಾದಕ್ಕೆ ನಿಲ್ಲಬಾರದು.

ಇನ್ನು ಕೆಲವನ್ನು ಕೇಳಿದ ಕೂಡಲೇ ಹೆದರಬೇಕಾಗಿಲ್ಲ. ‘ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿದೆ’ ಎಂಬುದು ಅದರಲ್ಲಿ ಮೊದಲನೆಯದು. ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಹೀಗಿರುತ್ತದೆ, ಹೆಚ್ಚಿನವು ಏನೂ ತೊಂದರೆಯಿಲ್ಲದೆ ಹುಟ್ಟುತ್ತವೆ. ಅದೊಂದೇ ಆಪರೇಷನ್ನಿಗೆ ಕಾರಣ ಆಗಬಾರದು. ‘ಮಗು ದೊಡ್ಡದಿದೆ’ ಎನ್ನುವಾಗ ಸ್ಕ್ಯಾನಿಂಗ್‌ನ ತೂಕ ಶೇ. 10–15ರಷ್ಟು ಆಚೀಚೆ ಆಗಬಹುದು ಎಂಬುದು ನೆನಪಿರಲಿ. ತಾಯಿಗೆ ಶುಗರ್ ಇದ್ದರೆ ಮಾತ್ರ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ‘ನೀರು ಕಡಿಮೆ’ ಎಂದರೆ ಎಷ್ಟು ಕಡಿಮೆ, ಮಗುವಿನ ಬೆಳವಣಿಗೆ, ರಕ್ತದ ಹರಿವು ಹೇಗಿದೆ ಎಂದು ಕೇಳಿ. ಬೇರೆ ಎಲ್ಲ ಸರಿ ಇದ್ದು ನೀರು ಸ್ವಲ್ಪ ಕಡಿಮೆ ಇರುವುದು ಬೇರೆ, ಮಗು ಬೆಳೆಯದೆ ನೀರೂ ಇಳಿದಿರುವುದು ಬೇರೆ. ಕೊನೆಯ ತಿಂಗಳಲ್ಲಿ ಮಗುವಿನ ಕುಂಡೆ ಕೆಳಗಿದ್ದರೆ, 36–37ನೇ ವಾರದಲ್ಲಿ ಹೊಟ್ಟೆಯ ಮೇಲಿನಿಂದಲೇ ಕೈಯಿಂದ ತಿರುಗಿಸುವ ವಿಧಾನ ಇದೆ. ಸುಮಾರು ಅರ್ಧದಷ್ಟು ಸಲ ಅದು ಫಲಿಸುತ್ತದೆ. ಮಾಡುವ ಅನುಭವ ಇದ್ದವರೇ ಮಾಡಬೇಕು, ಆಪರೇಷನ್ ಥಿಯೇಟರ್ ಪಕ್ಕದಲ್ಲಿರಬೇಕು. ಇದಕ್ಕೆ ದೊಡ್ಡ ಆಸ್ಪತ್ರೆಗೆ ಹೋಗುವುದು ಸಾರ್ಥಕ.

ನೋವು ಬರಿಸುವುದರ ಬಗ್ಗೆ ನಮ್ಮಲ್ಲಿ ಎರಡು ಅತಿಗಳಿವೆ. ಒಂದು, ಡ್ರಿಪ್ ಹಾಕಿದರೆ ಆಪರೇಷನ್ ಗ್ಯಾರಂಟಿ ಎಂಬುದು. ಅಮೆರಿಕದಲ್ಲಿ 6,000ಕ್ಕೂ ಹೆಚ್ಚು ಚೊಚ್ಚಲ ಗರ್ಭಿಣಿಯರನ್ನು ಸೇರಿಸಿಕೊಂಡು ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ಸಿಸೇರಿಯನ್ ಶೇ. 18.6 ಇತ್ತು, ಕಾದವರಲ್ಲಿ ಶೇ. 22.2. ಹಾಗಾಗಿ ಹೆದರಿಕೆ ಪೂರ್ತಿ ನಿಜವಲ್ಲ. ಇನ್ನೊಂದು ಅತಿ, ಆ ಪ್ರಯೋಗವನ್ನು ತೋರಿಸಿ ಎಲ್ಲರಿಗೂ 38–39 ವಾರಕ್ಕೇ ಡ್ರಿಪ್ ಹಾಕುವುದು. ಗರ್ಭಕೋಶದ ಬಾಯಿ ಮೆತ್ತಗಾಗುವ ಮೊದಲೇ ಬೆಳಿಗ್ಗೆ ಶುರುಮಾಡಿ ಸಂಜೆಯೊಳಗೆ ‘ಪ್ರೋಗ್ರೆಸ್ ಇಲ್ಲ’ ಎಂದು ಥಿಯೇಟರಿಗೆ ಒಯ್ದರೆ ಅದು ಕಾಯದ ತಪ್ಪು. ತೊಂದರೆ ಏನೂ ಇಲ್ಲದ ಗರ್ಭಿಣಿಯರಿಗೆ 41 ವಾರ ತುಂಬಿದರೆ ನೋವು ಬರಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹರಳೆಣ್ಣೆ ಕುಡಿಸಿ ಮನೆಯಲ್ಲೇ ನೋವು ಬರಿಸಲು ನೋಡುವ ಅಜ್ಜಿಯಂದಿರಿಗೆ ದಯವಿಟ್ಟು ಬೇಡ ಎನ್ನಿ. ವಾಂತಿ ಭೇದಿಯಾಗಿ ಹೆರುವವಳ ಶಕ್ತಿಯೇ ಹೋಗುತ್ತದೆ.

ನೋವು ಶುರುವಾದ ಮೇಲೆ

2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ಹೊತ್ತಿನ ಆರೈಕೆಗೆ ಹೊಸ ಮಾರ್ಗಸೂಚಿ ಕೊಟ್ಟಿತು. ಅದರಲ್ಲಿ ಎರಡು ಮಾತು ತುಂಬಾ ಮುಖ್ಯ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆಯೇ ಜೋರಾದ ಹಂತ ಶುರು ಎಂದು ಲೆಕ್ಕ ಹಾಕಬೇಕು. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಎಂಬ ಹಳೆಯ ನಿಯಮವನ್ನು ಎಲ್ಲರಿಗೂ ಹಚ್ಚಬಾರದು. ನಮ್ಮ ಕಡೆ ಆಗುವುದು ಏನು? ಸಣ್ಣ ನೋವು ಬಂದ ಕೂಡಲೇ, ದೂರ ಅಂತಲೋ ಮಳೆ ಅಂತಲೋ, ಹೊರಟುಬಿಡುತ್ತೇವೆ. 2 ಸೆಂಟಿಮೀಟರಿನಲ್ಲಿ ಅಡ್ಮಿಟ್. ಅಲ್ಲಿಂದ ಗಡಿಯಾರ ಓಡಲು ಶುರು. ರಾತ್ರಿಯಿಡೀ ನಿದ್ದೆಯಿಲ್ಲ, ಊಟವಿಲ್ಲ, ಬೆಳಿಗ್ಗೆ ಡ್ರಿಪ್, ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಸುಸ್ತು. ಆಸ್ಪತ್ರೆಯ ಹತ್ತಿರದಲ್ಲಿ ಉಳಿಯಬೇಕು ಎಂದು ಹೇಳಿದ್ದು ಇದಕ್ಕೇ. ನೀರು ಹೋದರೆ, ರಕ್ತ ಕಂಡರೆ, ಮಗುವಿನ ಅಲುಗಾಟ ಕಡಿಮೆಯಾದರೆ, ತಲೆನೋವು ಬಂದು ಕಣ್ಣು ಮಂಜಾದರೆ ಮಾತ್ರ ಕಾಯಬಾರದು, ಆ ಕ್ಷಣವೇ ಹೊರಡಬೇಕು.

ಬಿಲ್ಲಿನಲ್ಲಿ ನಾರ್ಮಲ್ ಎಂದು ಬರೆದ ಹೆರಿಗೆಯಲ್ಲೂ ಏನೇನು ನಡೆಯುತ್ತದೆ ಎಂದು ಹೆತ್ತವರು ಹೊರಗೆ ಹೇಳಿಕೊಳ್ಳುವುದು ಕಡಿಮೆ. ಎನಿಮಾ, ಶೇವಿಂಗ್, ಬೆನ್ನ ಮೇಲೆಯೇ ಮಲಗಬೇಕು ಎಂಬ ಒತ್ತಾಯ, ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತುವುದು, ಎಲ್ಲರಿಗೂ ಕೊಯ್ದು ಹೊಲಿಗೆ. ಇವೊಂದನ್ನೂ ರೂಢಿಯಾಗಿ ಮಾಡಬಾರದು ಎನ್ನುತ್ತದೆ ಅದೇ ಮಾರ್ಗಸೂಚಿ. ಬೈಗುಳದ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ದುಡ್ಡು ಕೊಟ್ಟು ಹೋಗುವ ಕಡೆಯೂ ‘ಕೂಗಬೇಡ’ ಎಂದು ಗದರಿಸಿಕೊಂಡು ಹೆತ್ತವರ ಸಂಕಟ ನನ್ನ ಮನಸ್ಸಿಗೆ ತುಂಬಾ ತಾಗುತ್ತದೆ.

ಇದಕ್ಕೆಲ್ಲ ನನಗೆ ಗೊತ್ತಿರುವ ಅತ್ಯುತ್ತಮ ಉಪಾಯಕ್ಕೆ ದುಡ್ಡೇ ಬೇಡ. ಪಕ್ಕದಲ್ಲಿ ಒಬ್ಬರು ಬೇಕು. 15,000ಕ್ಕೂ ಹೆಚ್ಚು ಹೆಂಗಸರಿದ್ದ 26 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2017ರ ವಿಮರ್ಶೆಯೊಂದು ಹೇಳುವುದು ಇದನ್ನೇ. ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದವರಿಗೆ ಸಿಸೇರಿಯನ್ ಕಡಿಮೆ, ನೋವಿನ ಹೊತ್ತೂ ಕಡಿಮೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಮನೆಯಲ್ಲಿ ತುಳು, ಹವಿಗನ್ನಡ, ಮರಾಠಿ, ಕೊಂಕಣಿ, ಬ್ಯಾರಿ ಮಾತಾಡುವ ಹುಡುಗಿಗೆ ನೋವಿನ ತುದಿಯಲ್ಲಿ ಮಲಯಾಳದ ಸೂಚನೆ ತಲೆಗೆ ಹೋಗುವುದಿಲ್ಲ. ಅಮ್ಮನೋ, ಅಕ್ಕನೋ, ಗಂಡನೋ ಪಕ್ಕದಲ್ಲಿದ್ದರೆ ಅವಳ ಭಾಷೆಯಲ್ಲಿ ಹೇಳುವವರು ಒಬ್ಬರಾದರೂ ಇರುತ್ತಾರೆ. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಯನ್ನು ಬಿಡಬೇಕು ಎಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಖಾಸಗಿಯವರು ಬಿಡುವುದಿಲ್ಲ ಎನ್ನಲು ಯಾವ ನ್ಯಾಯವೂ ಇಲ್ಲ.

ಸಹಿ ಹಾಕುವಾಗಲೂ ಈ ಭಾಷೆಯ ವಿಷಯ ಬರುತ್ತದೆ. 2018ರ ಕೇರಳ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯ ಪ್ರಕಾರ ಆಸ್ಪತ್ರೆಗಳು ದರಪಟ್ಟಿಯನ್ನು ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಕಾಣುವಂತೆ ಹಾಕಬೇಕು. ಕನ್ನಡ ಮಾತ್ರ ಓದಬಲ್ಲ ಅಮ್ಮಂದಿರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಒಪ್ಪಿಗೆ ಪತ್ರದ್ದೂ ಅದೇ ಸ್ಥಿತಿ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಸ್ಪಷ್ಟ ಮಾಡಿದೆ: ರೋಗಿಗೆ ಸಾಕಷ್ಟು ವಿಷಯ ತಿಳಿಸಿ ಪಡೆದದ್ದು ಮಾತ್ರ ಒಪ್ಪಿಗೆ. ಅಡ್ಮಿಟ್ ಆಗುವಾಗಲೇ ಖಾಲಿ ಜಾಗ ಬಿಟ್ಟ ಹಾಳೆಗೆ ಸಹಿ ಹಾಕಬೇಡಿ. ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಆಸ್ಪತ್ರೆಯ ಮೇಲಿನ ಸಿಟ್ಟಿಗೆ ಮನೆಯಲ್ಲೇ ಹೆರುತ್ತೇನೆ ಎನ್ನುವವರೂ ಈಗ ಕೇರಳದಲ್ಲಿ ಇದ್ದಾರೆ. 2025ರ ಏಪ್ರಿಲ್‌ನಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಮನೆಯಲ್ಲಿ ಹೆತ್ತ ತಾಯಿಯೊಬ್ಬರು ಸತ್ತು, ಗಂಡನ ಬಂಧನವಾಯಿತು. ಹೆತ್ತ ಮೇಲೆ ರಕ್ತ ಹೋಗಲು ಶುರುವಾದರೆ ಉಳಿಸಲು ಇರುವ ಸಮಯ ತುಂಬಾ ಕಡಿಮೆ. ಒಳ್ಳೆಯ ಆಸ್ಪತ್ರೆಯನ್ನು ಹುಡುಕಿ, ಬೇಕಾದ್ದನ್ನು ಕೇಳಿ ಪಡೆಯುವ ದಾರಿಯನ್ನೇ ನಾನು ಹೇಳುತ್ತಿರುವುದು.

ಒಮ್ಮೆ ಆಪರೇಷನ್ ಆದವರಿಗೆ

ಮೊದಲನೆಯದು ಸಿಸೇರಿಯನ್ ಆದರೆ ಎರಡನೆಯದೂ ಅದೇ ಎಂದು ನಮ್ಮಲ್ಲಿ ತೀರ್ಮಾನಿಸಿಬಿಡುತ್ತಾರೆ. ಹಾಗೇನಿಲ್ಲ. ತಕ್ಕವರನ್ನು ಆರಿಸಿ ಪ್ರಯತ್ನಿಸಿದರೆ 100ರಲ್ಲಿ 60ರಿಂದ 80 ಜನರಿಗೆ ಸಹಜ ಹೆರಿಗೆ ಆಗುತ್ತದೆ. ಹಳೆಯ ಹೊಲಿಗೆ ಬಿಟ್ಟುಕೊಳ್ಳುವ ಅಪಾಯ 100ರಲ್ಲಿ ಒಂದಕ್ಕಿಂತ ಕಡಿಮೆ. ಕಡಿಮೆ ಎಂದರೂ ಆದಾಗ ಅದು ನಿಮಿಷಗಳ ಲೆಕ್ಕ. ಥಿಯೇಟರ್, ಅರಿವಳಿಕೆ ಡಾಕ್ಟರು, ರಕ್ತ, ಮೂರೂ ಆಸ್ಪತ್ರೆಯಲ್ಲೇ ಸಿದ್ಧವಿರಬೇಕು. ಸಣ್ಣ ನರ್ಸಿಂಗ್ ಹೋಮಿನವರು ‘ನಮ್ಮಲ್ಲಿ ಆಗುವುದಿಲ್ಲ’ ಎಂದರೆ ಅವರು ಪ್ರಾಮಾಣಿಕರು. ಈ ವಿಷಯದಲ್ಲಿ ಮಂಗಳೂರಿನ ದೊಡ್ಡ ಆಸ್ಪತ್ರೆ, ಇಲ್ಲವೇ ಅಲ್ಲಿನ ಸರಕಾರಿ ಲೇಡಿಗೋಶನ್‌ನಂಥ ಕಡೆ ವಿಚಾರಿಸುವುದು ಒಳ್ಳೆಯದು. ಮತ್ತೆ ಮತ್ತೆ ಸಿಸೇರಿಯನ್ ಆದಷ್ಟೂ ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಅಪಾಯ ಏರುತ್ತದೆ. ಮೂರು ಮಕ್ಕಳು ಬೇಕು ಎನ್ನುವ ಮನೆಯವರು ಮೊದಲ ಹೆರಿಗೆಯ ಹೊತ್ತಿಗೇ ಇದನ್ನು ಯೋಚಿಸಬೇಕು.

ಎಲ್ಲ ಸರಿಯಾಗಿ ಮಾಡಿಯೂ ಕೊನೆಗೆ ಆಪರೇಷನ್ ಆಗಬಹುದು. ಆಗಲೂ ಕೇಳುವುದಕ್ಕೆ ಇದೆ. ಮಗು ಆರೋಗ್ಯವಾಗಿದ್ದರೆ ಥಿಯೇಟರಿನಲ್ಲೇ ತಾಯಿಯ ಎದೆಯ ಮೇಲೆ ಮಲಗಿಸಲಿ. ಹೊಕ್ಕುಳಬಳ್ಳಿ ಕತ್ತರಿಸಲು ಒಂದು ನಿಮಿಷವಾದರೂ ಕಾಯಲಿ. ಮೊದಲ ಗಂಟೆಯೊಳಗೆ ಹಾಲು ಕುಡಿಸಲು ನರ್ಸ್ ನೆರವಾಗಲಿ. ಮನೆಗೆ ಹೊರಡುವಾಗ ಡಿಸ್ಚಾರ್ಜ್ ಸಮ್ಮರಿಯಲ್ಲಿ ಮೂರು ವಿಷಯ ಇದೆಯೇ ನೋಡಿ: ಆಪರೇಷನ್ ಯಾಕೆ ಆಯಿತು, ಆಗ ಗರ್ಭಕೋಶದ ಬಾಯಿ ಎಷ್ಟು ತೆರೆದಿತ್ತು, ಗರ್ಭಕೋಶವನ್ನು ಅಡ್ಡವಾಗಿ ಕೊಯ್ದದ್ದೋ ಉದ್ದವಾಗಿಯೋ. ಚರ್ಮದ ಮೇಲಿನ ಗೀಟು ನೋಡಿ ಒಳಗಿನದ್ದು ಹೇಳಲು ಬರುವುದಿಲ್ಲ. ಉದ್ದಕ್ಕೆ ಕೊಯ್ದಿದ್ದರೆ ಮುಂದೆ ಸಹಜ ಹೆರಿಗೆಗೆ ಪ್ರಯತ್ನಿಸಬಾರದು. ಮೂರು ವರ್ಷ ಬಿಟ್ಟು ಬೇರೆ ರಾಜ್ಯದ ಬೇರೆ ಡಾಕ್ಟರು ಮೊದಲು ಕೇಳುವುದು ಇದನ್ನೇ. ಆ ಕಾಗದದ ಫೋಟೋ ಗಂಡನ ಫೋನಿನಲ್ಲಿ ಒಂದು, ತವರಿನಲ್ಲಿ ಒಂದು ಇರಲಿ.